ಪುನಃ ಬರೆ

ತಾಯಿಯನ್ನು ಆಸ್ಪತ್ರೆಯಿಂದ ನೇರವಾಗಿ ಬಿಜೈಯ ತನ್ನ ಫ್ಲ್ಯಾಟಿಗೇ ಕರೆದುಕೊಂಡು ಹೋಗುತ್ತೇನೆ ಎಂದು ಶರೊನ್ ಹೇಳಿದಾಗ ಪಡೀಲಿನ ತವರುಮನೆಯ ನೆರೆಕರೆಯವರೆಲ್ಲ ಅವಳನ್ನು ಹೊಗಳಿದರು. ಕುವೈಟಿನಲ್ಲಿದ್ದ ಗಂಡ ಆನ್ಸನ್ ಕೂಡ ಫೋನಿನಲ್ಲಿ, "ನಿನ್ನದು ದೊಡ್ಡ ಮನಸ್ಸು ಮಾರಾಯ್ತಿ" ಎಂದ. ಇಪ್ಪತ್ತೊಂಬತ್ತು ವರ್ಷ ಕಾದ ಮೇಲೆ ತನ್ನ ಸರದಿ ಬಂದಿದೆ ಎಂಬುದು ಶರೊನಳೊಬ್ಬಳಿಗೆ ಮಾತ್ರ ಗೊತ್ತಿತ್ತು.

ತಾಯಿ ಮಾರ್ಸೆಲಿನ್ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಿಯಾದವರು. ಅವರ ಕೈಕೆಳಗೆ ಕಲಿತ ಮಕ್ಕಳ ಅಕ್ಷರ ನೋಡಿದ ಕೂಡಲೇ ಗೊತ್ತಾಗುತ್ತದೆ ಎಂದು ಊರೆಲ್ಲ ಹೇಳುತ್ತಿತ್ತು. ತಮ್ಮ ಮಕ್ಕಳನ್ನು ಕೈಹಿಡಿದು ತಂದು, "ಟೀಚರ್, ನಿಮ್ಮ ಮಕ್ಕಳ ಹಾಗೆ ಇವರನ್ನೂ ದಾರಿಗೆ ತನ್ನಿ" ಎನ್ನುತ್ತಿದ್ದ ತಂದೆತಾಯಿಯರಿಗೆ ಲೆಕ್ಕವಿರಲಿಲ್ಲ. ಆ ದಾರಿ ಹೇಗಿತ್ತೆಂದು ಗೊತ್ತಿದ್ದದ್ದು ಶರೊನಿಗೆ ಮತ್ತು ಅವಳಿಗಿಂತ ಒಂದು ವರ್ಷ ಚಿಕ್ಕವನಾದ ತಮ್ಮ ರೂಬನನಿಗೆ.

ಶಾಲೆಯಿಂದ ಬಂದವರು ನಾಲ್ಕೂವರೆಗೆ ಮೇಜಿನ ಮುಂದೆ ಕೂರಬೇಕು. ಬೆನ್ನು ನೆಟ್ಟಗಿರಬೇಕು. ಕಾಪಿ ಬರೆದು ಮುಗಿಯುವ ತನಕ ಚಹಾ ಇಲ್ಲ, ತಿಂಡಿ ಇಲ್ಲ. ಶರೊನ್ ಹೇಗೋ ಮುಗಿಸಿಬಿಡುತ್ತಿದ್ದಳು. ರೂಬನನಿಗೆ ಒತ್ತಕ್ಷರ ಹಿಡಿಯುತ್ತಿರಲಿಲ್ಲ. 'ಶ್ರದ್ಧೆ' ಎಂದು ಬರೆಯಲು ಹೊರಟರೆ ಒಮ್ಮೆ ರಕಾರ ಬಿಟ್ಟುಹೋಗುತ್ತಿತ್ತು, ಒಮ್ಮೆ ದಕಾರದ ಕೆಳಗೆ ಇನ್ನೇನೋ ಬಂದು ಕೂರುತ್ತಿತ್ತು. ಮಾರ್ಸೆಲಿನ್ ಕೆಂಪು ಪೆನ್ನಿನಿಂದ ಸಾಲಿಗೆ ಅಡ್ಡಗೀಟು ಎಳೆದು ಬದಿಯಲ್ಲಿ 'ಪುನಃ' ಎಂದು ಬರೆಯುತ್ತಿದ್ದರು. ನೂರು ಸಲ ಬರೆಯಬೇಕು. ಅವನು ಬರೆದದ್ದನ್ನು ಎಣಿಸುವ ಕೆಲಸ ಶರೊನಳದು. ಈ ಹೊತ್ತಿನಲ್ಲೆಲ್ಲ ತಂದೆ ಆರ್ಥರ್ ಜಗಲಿಯಲ್ಲಿ ಕೂತು ರೇಡಿಯೋದ ಕಿವಿ ತಿರುಗಿಸುತ್ತಿದ್ದರು.

ಒಂದು ದಿನ ರೂಬನ್ ನೂರು ಆಯಿತೆಂದು ಪುಸ್ತಕ ಮುಚ್ಚಿದ. ಶರೊನ್ ಎಣಿಸಿ, "ಹನ್ನೊಂದು ಕಮ್ಮಿ ಉಂಟು ಮಮ್ಮಿ" ಎಂದಳು. ಮರುದಿನ ಮಾರ್ಸೆಲಿನ್ ಆ ಹಾಳೆಗಳನ್ನು ಹರಿದು, ಮಗನ ಅಂಗಿಯ ಬೆನ್ನಿಗೆ ಪಿನ್ನು ಚುಚ್ಚಿ, ತಮ್ಮದೇ ಶಾಲೆಯ ಒಂದನೇ ತರಗತಿಯಿಂದ ಏಳರವರೆಗೆ ಪ್ರತಿಯೊಂದು ಕೋಣೆಗೂ ಸುತ್ತಿಸಿದರು. ಶರೊನಳ ತರಗತಿಗೂ ಬಂದ. ಮಕ್ಕಳೆಲ್ಲ ನಕ್ಕರು. ಅವನು ಅಕ್ಕನ ಬೆಂಚಿನ ಕಡೆ ನೋಡಲಿಲ್ಲ. ಆಮೇಲೂ ಅವನು ಅವಳನ್ನು ಸರಿಯಾಗಿ ನೋಡಿದ್ದೇ ಇಲ್ಲ. ಒಂಬತ್ತನೇ ತರಗತಿಯಲ್ಲಿ ಫೇಲಾಗಿ ಮನೆ ಬಿಟ್ಟವನು ಈಗ ಬಜಪೆಯಲ್ಲಿ ಏರ್‌ಪೋರ್ಟಿನ ಟ್ಯಾಕ್ಸಿ ಓಡಿಸುತ್ತಿದ್ದ. ತಂದೆಯ ಮಣ್ಣಿಗೆ ಬಂದವನು ಮನೆಯ ಮೆಟ್ಟಿಲು ಹತ್ತದೆ ಸ್ಮಶಾನದಿಂದಲೇ ಹಿಂದಿರುಗಿದ್ದ.

ತಾಯಿಗೆ ಸ್ಟ್ರೋಕ್ ಆದ ದಿನ ಶರೊನ್ ಅವನಿಗೆ ಫೋನ್ ಮಾಡಿದಳು.

"ಮಮ್ಮಿಯ ಬಲಗೈ ಹೋಗಿದೆ ರೂಬನ್."

"ಬಲಗೈಯಾ?" ಎಂದ. ಮತ್ತೆ, "ನನಗೆ ಏರ್‌ಪೋರ್ಟಿಗೆ ಬಾಡಿಗೆ ಉಂಟು" ಎಂದು ಫೋನಿಟ್ಟ.

ಮನೆಗೆ ಕಳಿಸುವಾಗ ಆಸ್ಪತ್ರೆಯ ಥೆರಪಿಸ್ಟ್ ಹುಡುಗಿ, ಬೆರಳಿಗೆ ಬಲ ಬರಲು ದಿನಕ್ಕೆ ಹತ್ತು ನಿಮಿಷ ಏನಾದರೂ ಬರೆಸಿ, ಸುಸ್ತಾದರೆ ನಿಲ್ಲಿಸಿ ಎಂದಳು. ಶರೊನ್ ಸ್ವತಃ ನರ್ಸು. ಆ ಮಾತಿನ ಅರ್ಥ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಸಂಜೆ ಬಿಜೈಯ ಅಂಗಡಿಗೆ ಹೋಗಿ ಎರಡು ಗೆರೆಯ ಕಾಪಿ ಪುಸ್ತಕ ಒಂದು ಡಜನ್ ತಂದಳು. ಜೊತೆಗೆ ಒಂದು ಕೆಂಪು ಪೆನ್ನು.

ಮರುದಿನ ನಾಲ್ಕೂವರೆಗೆ ತಾಯಿಯನ್ನು ಊಟದ ಮೇಜಿನ ಮುಂದೆ ಕೂರಿಸಿ, ಮೊದಲ ಸಾಲಿನಲ್ಲಿ ತಾನೇ 'ಶ್ರದ್ಧೆ' ಎಂದು ಬರೆದು ಪುಸ್ತಕವನ್ನು ಅವರ ಮುಂದೆ ಸರಿಸಿದಳು.

"ಎಷ್ಟು?" ಎಂದು ಮಾರ್ಸೆಲಿನ್ ಕೇಳಿದರು. ಬಾಯಿ ಒಂದು ಬದಿಗೆ ಎಳೆದಿದ್ದರೂ ಮಾತು ಸ್ಪಷ್ಟವಾಗಿಯೇ ಇತ್ತು.

"ನೂರು. ಬೆನ್ನು ನೆಟ್ಟಗೆ ಮಾಡು ಮಮ್ಮಿ."

ಮಾರ್ಸೆಲಿನ್ ಆ ಶಬ್ದವನ್ನು ಬಹಳ ಹೊತ್ತು ನೋಡಿದರು, ಆಮೇಲೆ ಮಗಳ ಮುಖ ನೋಡಿದರು. ಅವರಿಗೆ ತಿಳಿಯಿತು ಎಂಬುದು ಶರೊನಿಗೂ ತಿಳಿಯಿತು. ಎದೆಯಲ್ಲಿ ಎಷ್ಟೋ ಕಾಲದಿಂದ ಗಂಟು ಹಾಕಿಕೊಂಡಿದ್ದ ಏನೋ ಒಂದು ಸಡಿಲವಾದ ಹಾಗಾಯಿತು.

ಪೆನ್ಸಿಲು ಬೆರಳಿನಿಂದ ಜಾರಿ ಜಾರಿ ಬೀಳುತ್ತಿತ್ತು. ಸಾಲು ಮುಗಿಯುವಷ್ಟರಲ್ಲಿ ಅಕ್ಷರ ಗೆರೆ ದಾಟಿ ಕೆಳಗೆ ಹರಿಯುತ್ತಿತ್ತು. ರಕಾರ ಬಿಟ್ಟುಹೋಗುತ್ತಿತ್ತು. ಊರಿಗೆಲ್ಲ ಅಕ್ಷರ ತಿದ್ದಿಸಿದ ಕೈ! ಶರೊನ್ ಅಡ್ಡಗೀಟು ಎಳೆದಳು, ಬದಿಯಲ್ಲಿ 'ಪುನಃ' ಎಂದು ಬರೆದಳು. ಚಹಾದ ಲೋಟ ಮೇಜಿನ ಆಚೆ ತುದಿಯಲ್ಲಿ, ತಾಯಿಗೆ ಕಾಣುವ ಹಾಗೆ, ಕೆನೆಕಟ್ಟುತ್ತಾ ಕೂತಿತ್ತು.

ಹಗಲು ಹೊತ್ತು ಮಾರ್ಸೆಲಿನರನ್ನು ನೋಡಿಕೊಳ್ಳಲು ಬೋಳೂರಿನ ಕುಮುದಿನಿ ಬರುತ್ತಿದ್ದಳು. ಆರು ಮಂದಿ ಅಣ್ಣತಮ್ಮಂದಿರು ಬೋಟಿಗೆ ಹೋಗುವ ಮನೆಯಲ್ಲಿ ಬೆಳೆದವಳು, ಯಾರಿಗೂ ಹೆದರುವವಳಲ್ಲ. ಮೂರನೆಯ ದಿನವೇ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು.

"ಸಿಸ್ಟರೇ, ಆಸ್ಪತ್ರೆಯವರು ಹತ್ತು ನಿಮಿಷ ಅಂತ ಅಲ್ವಾ ಹೇಳಿದ್ದು? ಇವರು ಒಂದೂವರೆ ಗಂಟೆಯಿಂದ ಬರೀತಾ ಇದ್ದಾರೆ. ಎಂತ ಇದು?"

"ಕುಮುದಿನಿ ಅಕ್ಕಾ, ನೀವು ಅವರಿಗೆ ಸ್ನಾನ ಮಾಡಿಸಿ, ಊಟ ಕೊಡಿ. ಪಾಠ ನಾನು ನೋಡ್ತೇನೆ."

"ನನಗೆ ಸರಿ ಕಾಣುವುದಿಲ್ಲ, ಹೇಳಿದ್ದೇನೆ" ಎಂದು ಕುಮುದಿನಿ ಒಳಗೆ ಹೋದಳು.

ಶರೊನಿಗೆ ಬೇಕಾಗಿದ್ದದ್ದು ಒಂದೇ ಮಾತು. ಸಾಕು, ನನ್ನಿಂದ ಆಗುವುದಿಲ್ಲ ಎಂದು ತಾಯಿ ಒಮ್ಮೆ ಬೇಡಿಕೊಳ್ಳಬೇಕು. ರೂಬನ್ ಬೇಡಿಕೊಂಡ ಹಾಗೆ. ಆದರೆ ಮಾರ್ಸೆಲಿನ್ ಬೇಡಲಿಲ್ಲ. ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದು ಬರೆದರು. ನೂರು ಆಗುವತನಕ ತಲೆ ಎತ್ತಲಿಲ್ಲ. ತಣ್ಣಗಾದ ಚಹಾ ಕುಡಿದು ಲೋಟವನ್ನು ಬೋರಲು ಹಾಕಿದರು. ಅವರ ಆ ಗಟ್ಟಿತನ ಕಂಡು ಶರೊನಳ ಸಿಟ್ಟು ಇನ್ನೂ ಏರಿತು. ಮರುದಿನ ನೂರು ಎಂದದ್ದು ನೂರೈವತ್ತಾಯಿತು. ನೋಡಲು ಬಂದ ನೆಂಟರ ಮುಂದೆ ಪುಸ್ತಕ ಬಿಚ್ಚಿ, "ನೋಡಿ, ಮುಖ್ಯೋಪಾಧ್ಯಾಯಿನಿಯ ಅಕ್ಷರ" ಎಂದು ನಗುತ್ತಿದ್ದಳು. ಪ್ರತಿ ಸಂಜೆ ಪುಟದ ಫೋಟೋ ತೆಗೆದು ರೂಬನನಿಗೆ ವಾಟ್ಸ್ಯಾಪ್ ಮಾಡುತ್ತಿದ್ದಳು. ಅವನಿಂದ ಉತ್ತರ ಬರುತ್ತಿರಲಿಲ್ಲ. ನೋಡಿ ಖುಷಿಪಡುತ್ತಿರಬೇಕು ಎಂದುಕೊಂಡಳು.

ಇದೆಲ್ಲ ನಡೆಯುವಾಗ ಅದೇ ಕೋಣೆಯಲ್ಲಿ ಶೆರಿಲ್ ಇರುತ್ತಿದ್ದಳು. ಶರೊನಳ ಒಬ್ಬಳೇ ಮಗಳು, ಎಂಟು ವರ್ಷ, ಮೂರನೇ ತರಗತಿ. ಹುಟ್ಟಿದಂದೇ ಶರೊನ್ ತೀರ್ಮಾನ ಮಾಡಿದ್ದಳು, ಈ ಮಗುವಿಗೆ ಹೊತ್ತು ಗೊತ್ತಿನ ಪಟ್ಟಿ ಇಲ್ಲ, ಎಣಿಕೆ ಇಲ್ಲ. ಶೆರಿಲ್ ನೆಲದ ಮೇಲೆ ಬೋರಲು ಮಲಗಿ, ಕಾಲು ಸೋಫಾದ ಮೇಲೆ ಹಾಕಿ ಓದುತ್ತಿದ್ದಳು. ಮಗ್ಗಿಯನ್ನು ತನ್ನದೇ ರಾಗ ಹಾಕಿ ಹಾಡುತ್ತಿದ್ದಳು. ಅರ್ಧ ಪುಟ ಬರೆದು ಬಾಲ್ಕನಿಗೆ ಓಡಿ ಕೆಳಗಿನ ಬಸ್ಸುಗಳನ್ನು ನೋಡಿ ಬರುತ್ತಿದ್ದಳು.

ಅಜ್ಜಿ ಬಂದ ಹತ್ತು ಹದಿನೈದು ದಿನದಲ್ಲಿ ಅವಳು ಮೇಜಿಗೆ ಬಂದಳು. ಯಾರೂ ಹೇಳಬೇಕಾಗಲಿಲ್ಲ. ನಾಲ್ಕೂವರೆಗೆ ತಾನಾಗಿಯೇ ಬಂದು ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದಳು. ಅಕ್ಷರ ದುಂಡಗಾಯಿತು. ಬಾಲ್ಕನಿಗೆ ಓಡುವುದು ನಿಂತಿತು. ಹಾಡೂ ನಿಂತಿತು. ಶರೊನ್ ನೆಟ್ಟಗಾದ ಬೆನ್ನನ್ನೂ ದುಂಡಗಾದ ಅಕ್ಷರವನ್ನೂ ಮಾತ್ರ ಗಮನಿಸಿದಳು. ಡೈರಿಯಲ್ಲಿ ಕ್ಲಾಸ್ ಟೀಚರು 'ಬಹಳ ಸುಧಾರಣೆ' ಎಂದು ಬರೆದು ಕಳಿಸಿದಾಗ ಅದನ್ನು ಆನ್ಸನನಿಗೆ ಓದಿ ಹೇಳಿದಳು.

ಆ ತಿಂಗಳು ಶರೊನಿಗೆ ಮಧ್ಯಾಹ್ನದ ಡ್ಯೂಟಿ ಬಿತ್ತು. ಮನೆಗೆ ಬರುವಾಗ ಎಂಟೂವರೆ. ಎಣಿಸುವ ಕೆಲಸವನ್ನು ಶೆರಿಲಳಿಗೆ ಒಪ್ಪಿಸಿ ಕೆಂಪು ಪೆನ್ನು ಅವಳ ಕೈಗೆ ಕೊಟ್ಟಳು.

"ಸಮಾ ಎಣಿಸ್ಬೇಕು. ಗ್ರ್ಯಾನಿ ಅಂತ ಬಿಟ್ಬಿಡ್ಲಿಕ್ಕೆ ಇಲ್ಲ. ಆಯ್ತಾ?"

"ಆಯ್ತು ಮಮ್ಮಿ."

ಎರಡು ದಿನ ಬಿಟ್ಟು ಶರೊನ್ ಚಪ್ಪಲಿ ಕಳಚುವ ಮೊದಲೇ ಶೆರಿಲ್ ಪುಸ್ತಕ ಹಿಡಿದು ಓಡಿಬಂದಳು.

"ಗ್ರ್ಯಾನಿ ಇವತ್ತು ಮೋಸ ಮಾಡಿದ್ರು ಮಮ್ಮಿ! ಆರು ಸಾಲು ಕಮ್ಮಿ. ಕುಮುದಿನಿ ಅಕ್ಕ ಚಹಾ ಕೊಡ್ಲಿಕ್ಕೆ ಬಂದ್ರು. ನಾನು ಕೊಡ್ಲಿಕ್ಕೆ ಬಿಡ್ಲಿಲ್ಲ. ಸಿಂಕಿಗೆ ಚೆಲ್ಲಿದೆ."

ಶರೊನ್ ಜೋರಾಗಿ ನಕ್ಕುಬಿಟ್ಟಳು. ಆನ್ಸನ್ ಕಳಿಸಿದ ಚಾಕಲೇಟಿನ ಡಬ್ಬದಿಂದ ಎರಡು ತೆಗೆದು ಮಗಳ ಕೈಗಿಟ್ಟಳು. ಕೋಣೆಯೊಳಗೆ ಮಂಚದ ಮೇಲೆ ಕೂತಿದ್ದ ಮಾರ್ಸೆಲಿನ್ ಇದನ್ನೆಲ್ಲ ನೋಡುತ್ತಿದ್ದರು.

ಶಾಲೆಯಿಂದ ಫೋನ್ ಬಂದದ್ದು ಮುಂದಿನ ಗುರುವಾರ. ಹನ್ನೊಂದು ಗಂಟೆಗೆ ಬನ್ನಿ, ಶೆರಿಲಳ ವಿಷಯ ಎಂದು ಕ್ಲಾಸ್ ಟೀಚರು ಹೇಳಿದರು. ಬಹುಮಾನಕ್ಕೋ ಏನೋ ಎಂದುಕೊಂಡು ಶರೊನ್ ಒಳ್ಳೆಯ ಚೂಡಿದಾರ್ ಹಾಕಿಕೊಂಡೇ ಹೋದಳು. ಸ್ಟಾಫ್ ರೂಮಿನಲ್ಲಿ ಟೀಚರ ಎದುರು ಇನ್ನೊಬ್ಬಳು ತಾಯಿ ಕೂತಿದ್ದಳು. ಮಡಿಲಲ್ಲಿ ಪ್ಲಾಸ್ಟಿಕ್ಕಿನ ಬುತ್ತಿ ಪೆಟ್ಟಿಗೆ.

"ಇವರು ಮುಫೀದಾ. ರುಮೈಸಾಳ ತಾಯಿ" ಎಂದರು ಟೀಚರು. "ರುಮೈಸಾ ಬರೆಯುವುದರಲ್ಲಿ ಸ್ವಲ್ಪ ಹಿಂದೆ. ಶೆರಿಲ್ ಈಗ ಚಂದ ಬರೀತಾಳಲ್ಲ, ಅದಕ್ಕೆ ಇಬ್ಬರನ್ನೂ ಒಟ್ಟಿಗೆ ಕೂರಿಸಿದ್ದೆ. ಸ್ವಲ್ಪ ಹೇಳಿಕೊಡ್ಲಿ ಅಂತ."

ಮುಫೀದಾ ಬುತ್ತಿಯ ಮುಚ್ಚಳ ತೆಗೆದು ಶರೊನಳ ಮುಂದಿಟ್ಟಳು. ಮೊಟ್ಟೆಯ ಜೊತೆ ಅನ್ನ, ಮುಟ್ಟದ ಹಾಗೇ ಇತ್ತು.

"ಇದು ನಿನ್ನೆಯದ್ದು. ಮೊನ್ನೆಯೂ ಹೀಗೇ ಬಂದಿತ್ತು. ಆಚೆ ಮೊನ್ನೆಯೂ. ಆರು ದಿನ ನನ್ನ ಮಗಳು ಊಟ ಮಾಡ್ಲಿಲ್ಲ. ಕೇಳಿದ್ರೆ ಹಸಿವಿಲ್ಲ ಅಂತಾಳೆ. ನಿನ್ನೆ ತಲೆತಿರುಗಿ ಬಿದ್ದ ಮೇಲೆ ಬಾಯಿ ಬಿಟ್ಟಳು. ಬರೆದು ಮುಗಿಯದೆ ತಿನ್ಲಿಕ್ಕಿಲ್ಲ ಅಂತ ನಿಮ್ಮ ಮಗಳ ಆರ್ಡರ್ ಅಂತೆ."

ಟೀಚರು ಒಂದು ನೋಟ್‌ಬುಕ್ ಬಿಚ್ಚಿದರು. 'ವಿದ್ಯಾರ್ಥಿ', 'ವಿದ್ಯಾರ್ಥಿ', 'ವಿದ್ಯಾರ್ಥಿ' ಎಂದು ಪುಟ ತುಂಬ ಅಂಕುಡೊಂಕಾದ ಅಕ್ಷರ. ಸಾಲು ಸಾಲಿಗೂ ಕೆಂಪು ಅಡ್ಡಗೀಟು. ಬದಿಯಲ್ಲಿ ದುಂಡಗಿನ ಅಂದವಾದ ಕೈಬರಹದಲ್ಲಿ 'ಪುನಃ'. ಕೆಳಗೆ, 'ನಾಲ್ಕು ಕಮ್ಮಿ. ಮೋಸ'.

ಅಂಗಿಯ ಬೆನ್ನಿನ ಮೇಲೆ ಹಾಳೆ ತೂಗಿಸಿಕೊಂಡು ತರಗತಿಯೊಳಗೆ ಬಂದ ಹುಡುಗ ಶರೊನಳ ಕಣ್ಣಮುಂದೆ ನಿಂತ.

"ಇದನ್ನು ಅವಳು ಎಲ್ಲಿ ಕಲಿತದ್ದು?" ಎಂದು ಮುಫೀದಾ ಕೇಳಿದಳು. "ಎಂಟು ವರ್ಷದ ಮಗುವಿಗೆ ಇಂಥ ಬುದ್ಧಿ ತಾನಾಗಿ ಬರುವುದಿಲ್ಲ. ಮನೆಯಲ್ಲಿ ಯಾರೋ ಕಲಿಸಿದ್ದಾರೆ."

"ನಾನು" ಎಂದಳು ಶರೊನ್.

ಆಸ್ಪತ್ರೆಗೆ ಫೋನ್ ಮಾಡಿ ರಜೆ ಹೇಳಿ ಶರೊನ್ ಮನೆಗೆ ಬಂದಳು. ಕುಮುದಿನಿಯನ್ನು ಅಂಗಡಿಗೆ ಕಳಿಸಿದಳು. ಮಾರ್ಸೆಲಿನ್ ಕಿಟಕಿಯ ಬಳಿ ಕೂತಿದ್ದರು.

"ಶೆರಿಲ್ ಶಾಲೆಯಲ್ಲಿ ಎಂತ ಮಾಡ್ತಾ ಇದ್ದಾಳೆ, ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು. ಅವಳು ನನ್ನ ಹತ್ರ ಎಲ್ಲ ಹೇಳ್ತಾಳೆ."

"ಮತ್ತೆ ಯಾಕೆ ನನಗೆ ಹೇಳ್ಲಿಲ್ಲ?"

ಮಾರ್ಸೆಲಿನರ ಎಳೆದ ತುಟಿಯ ಮೇಲೆ ನಗುವಿನಂಥದ್ದೇನೋ ಬಂತು. "ನೀನು ಚಾಕಲೇಟ್ ಕೊಟ್ಟೆಯಲ್ಲ. ನಾನು ನಡುವೆ ಬಾಯಿ ಹಾಕುವುದು ಎಂತಕ್ಕೆ?"

"ನೀನು ಬೇಕೆಂದೇ ಸುಮ್ಮನಿದ್ದದ್ದು."

"ಹೌದು" ಎಂದರು ಮಾರ್ಸೆಲಿನ್. "ನಿನ್ನ ಮಗಳು ಚಂದ ಎಣಿಸ್ತಾಳೆ. ನಿನ್ನ ಹಾಗೆಯೇ. ಹನ್ನೊಂದು ಕಮ್ಮಿ ಉಂಟು ಅಂತ ಹೇಳಿದ್ದು ಯಾರು? ನಾನು ಆ ದಿನ ಎಣಿಸಿಯೇ ಇರಲಿಲ್ಲ. ನೀನು ಹೇಳದಿದ್ರೆ ನನಗೆ ಗೊತ್ತೇ ಆಗ್ತಿರಲಿಲ್ಲ."

ಶರೊನಳ ಕೈ ಮೇಲೆದ್ದಿತು. ತಾಯಿಯ ಕೆನ್ನೆಯಿಂದ ಒಂದು ಗೇಣು ದೂರದಲ್ಲಿ ನಿಂತಿತು. ಮಾರ್ಸೆಲಿನ್ ಕಣ್ಣು ಮುಚ್ಚಲಿಲ್ಲ, ಮುಖ ತಿರುಗಿಸಲಿಲ್ಲ.

"ಆಗ ನನಗೆ ಒಂಬತ್ತು ವರ್ಷ ಮಮ್ಮಿ" ಎಂದಳು ಶರೊನ್. "ಒಂಬತ್ತು ವರ್ಷ! ಎಣಿಸು ಅಂತ ಕೂರಿಸಿದ್ದು ನೀನು. ಪಿನ್ನು ಚುಚ್ಚಿದ್ದು ನೀನು."

"ಹಾಗಾದ್ರೆ ಶೆರಿಲಳನ್ನು ಕೂರಿಸಿದ್ದು ಯಾರು?"

ಶರೊನ್ ಕೈ ಇಳಿಸಿದಳು. ಮೇಜಿನ ಮೇಲಿದ್ದ ಕಾಪಿ ಪುಸ್ತಕಗಳನ್ನೆಲ್ಲ ಬಾಚಿಕೊಂಡು ಬಾಲ್ಕನಿಗೆ ಹೋಗಿ, ಒಂದೊಂದಾಗಿ ಹರಿದು ಚೀಲಕ್ಕೆ ತುಂಬಿದಳು. ರಟ್ಟು ಹರಿಯದಾದಾಗ ಕಾಲಡಿ ಹಾಕಿ ಎಳೆದಳು. ಅಲ್ಲಿಂದಲೇ ರೂಬನನಿಗೆ ಫೋನ್ ಮಾಡಿದಳು. ಅವನು ಎತ್ತಿದ.

"ರೂಬನ್, ನಾನು ಕಳಿಸಿದ ಫೋಟೋ ನೋಡಿದಿಯಾ?"

"ಮೊದಲನೆಯದ್ದು ನೋಡಿದೆ. ಮತ್ತೆ ವಾಟ್ಸ್ಯಾಪಿನಲ್ಲಿ ನಿನ್ನನ್ನು ಬ್ಲಾಕ್ ಮಾಡಿದೆ."

"ನಾನು ನಿನಗಾಗಿ..."

"ನನಗಾಗಿಯಾ?" ಅವನ ದನಿ ಏರಿತು. "ಆ ಎರಡು ಗೆರೆ ನೋಡಿದ್ರೆ ಈಗಲೂ ನನ್ನ ಕೈ ಬೆವರ್ತದೆ ಮಾರಾಯ್ತಿ. ಅವತ್ತು ಸ್ಟೇರಿಂಗ್ ಹಿಡೀಲಿಕ್ಕೆ ಆಗದೆ ಕೆಂಜಾರಿನಲ್ಲಿ ಗಾಡಿ ಬದಿಗೆ ಹಾಕಿ ಕೂತೆ. ಪ್ಯಾಸೆಂಜರ್ ಬೈದು ಇಳಿದುಹೋದ. ನಾನು ನಿನ್ನತ್ರ ಕೇಳಿದ್ದೇನಾ? ಅದು ನಿನ್ನ ಲೆಕ್ಕ. ನನ್ನ ಹೆಸರು ಹಾಕ್ಬೇಡ."

ಫೋನ್ ಕಟ್ಟಾಯಿತು. ಶರೊನ್ ಹರಿದ ಕಾಗದಗಳ ನಡುವೆ ನೆಲದ ಮೇಲೆಯೇ ಕೂತಳು. ಕೆಳಗೆ ಬಸ್ಸುಗಳು ಒಂದರ ಹಿಂದೆ ಒಂದು ನಿಲ್ದಾಣದೊಳಗೆ ತಿರುಗುತ್ತಿದ್ದವು.

ಭಾನುವಾರ ಚರ್ಚಿನ ಪೂಜೆ ಮುಗಿಸಿ ಅವಳು ಶೆರಿಲಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದರಿನ ಹಿಂದಿನ ಓಣಿಯಲ್ಲಿದ್ದ ಮುಫೀದಾಳ ಮನೆಗೆ ಹೋದಳು. ಮುಫೀದಾ ಬಾಗಿಲು ತೆರೆದು, ಕೂತುಕೊಳ್ಳಿ ಎಂದಳು. ಶರಬತ್ತು ತಂದಿಟ್ಟಳು. ಮುಖ ಸಡಿಲಿಸಲಿಲ್ಲ.

ಶೆರಿಲ್ ನೆಲ ನೋಡುತ್ತಾ, "ಸಾರಿ ರುಮೈಸಾ" ಎಂದಳು.

ತಾಯಿಯ ಬೆನ್ನ ಹಿಂದೆ ನಿಂತಿದ್ದ ರುಮೈಸಾ ಮುಂದೆ ಬಂದಳು. ಬಡಕಲು ಹುಡುಗಿ, ಕಣ್ಣು ಮಾತ್ರ ಚೂಪು. "ಸಾರಿ ಸಾಕಾಗುದಿಲ್ಲ" ಎಂದಳು. ಒಳಗೆ ಓಡಿ ಪುಸ್ತಕ, ಪೆನ್ಸಿಲು ತಂದು ಶೆರಿಲಳ ಮುಂದೆ ಇಟ್ಟಳು. "ನೀನೂ ಬರಿ. ನನ್ನ ಹೆಸರು. ನೂರು ಸಲ. ನಾನು ಎಣಿಸ್ತೇನೆ."

ಮುಫೀದಾ ಮಗಳನ್ನು ತಡೆಯಲಿಲ್ಲ. ಬರೆಯಲಿ ಎಂಬಂತೆ ಶರೊನಳನ್ನೇ ನೋಡುತ್ತಾ ನಿಂತಳು.

ಶೆರಿಲ್ ಪೆನ್ಸಿಲು ಎತ್ತಿಕೊಂಡಳು. ಬೆನ್ನು ತಾನಾಗಿ ನೆಟ್ಟಗಾಯಿತು. 'ರುಮೈಸಾ', 'ರುಮೈಸಾ'. ರುಮೈಸಾ ಮೊಣಕಾಲೂರಿ ಪುಸ್ತಕದ ಮೇಲೆ ಬಗ್ಗಿ, "ಒಂದು... ಎರಡು..." ಎಂದು ಎಣಿಸತೊಡಗಿದಳು. ಏಳನೆಯದಕ್ಕೆ, "ಇದು ಸಮಾ ಇಲ್ಲ. ಪುನಃ" ಎಂದಳು. ಆ ಮಗುವಿನ ಮುಖದಲ್ಲಿ ಮೂಡಿದ ತೃಪ್ತಿಯನ್ನು ಶರೊನ್ ಕಂಡಳು. ಅದರ ರುಚಿ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಎದ್ದು ಹೋಗಿ ಪುಸ್ತಕ ಮುಚ್ಚಿದಳು.

"ಬೇಡ ಮಗಾ. ಇದೊಂದು ಬೇಡ. ಬೇರೆ ಎಂತ ಬೇಕಾದ್ರೂ ಕೇಳು. ಬೈಯುವುದಿದ್ರೆ ನನಗೆ ಬೈ."

ರುಮೈಸಾ ತಾಯಿಯನ್ನು ನೋಡಿದಳು. ಮುಫೀದಾ ಮೆಲ್ಲಗೆ ತಲೆಯಾಡಿಸಿ ಪುಸ್ತಕವನ್ನು ಎತ್ತಿಕೊಂಡಳು. ಹುಡುಗಿ ಸ್ವಲ್ಪ ಯೋಚಿಸಿ ಹೇಳಿದಳು, "ಹಾಗಾದ್ರೆ ಅವಳು ನನ್ನ ಬೆಂಚಲ್ಲಿ ಕೂರುದು ಬೇಡ. ಯಾವತ್ತೂ ಬೇಡ."

"ಆಯ್ತು" ಎಂದಳು ಶರೊನ್. ಶೆರಿಲ್ ಬಿಕ್ಕಿ ಬಿಕ್ಕಿ ಅಳತೊಡಗಿದಳು. ಯಾರೂ ಅವಳನ್ನು ಸಮಾಧಾನ ಮಾಡಲಿಲ್ಲ. ಶರಬತ್ತು ಹಾಗೆಯೇ ಉಳಿಯಿತು.

ಸ್ಕೂಟರಿನ ಹತ್ತಿರ ಬಂದಾಗ ಶೆರಿಲ್ ಹತ್ತಲಿಲ್ಲ. "ನೀನೇ ಹೇಳಿದ್ದು! ಸಮಾ ಎಣಿಸು ಅಂತ ನೀನೇ ಹೇಳಿದ್ದು! ನೀನೇ ನಕ್ಕದ್ದು!" ಎಂದು ರಸ್ತೆಯಲ್ಲೇ ಕಿರುಚಿದಳು. ಮೀನಿನ ಲಾರಿಯ ಕ್ಲೀನರು ತಿರುಗಿ ನೋಡಿದ.

"ಹೌದು, ನಾನೇ" ಎಂದಳು ಶರೊನ್. "ತಪ್ಪು ನನ್ನದು."

ಶೆರಿಲ್ ಕೊನೆಗೆ ಹತ್ತಿದಳು. ಆದರೆ ತಾಯಿಯ ಸೊಂಟ ಹಿಡಿಯದೆ ಹಿಂದಿನ ಕಂಬಿ ಹಿಡಿದುಕೊಂಡಳು.

ಆ ವಾರದ ಕೊನೆಗೆ ಮಾರ್ಸೆಲಿನ್ ಪಡೀಲಿನ ತಮ್ಮ ಸ್ವಂತ ಮನೆಗೆ ಹಿಂದಿರುಗಿದರು. ಕುಮುದಿನಿ ಅಲ್ಲಿಯೇ ಉಳಿದು ನೋಡಿಕೊಳ್ಳಲು ಒಪ್ಪಿದಳು, ಥೆರಪಿಸ್ಟ್ ಹುಡುಗಿ ವಾರಕ್ಕೆ ಮೂರು ಸಲ ಬರುವುದೆಂದಾಯಿತು. ಊರಿನವರು ಹೊಗಳಿದ ಬಾಯಿಯಿಂದಲೇ ಶರೊನಳನ್ನು ಬೈದರು. ತಾಯಿಯ ಬಟ್ಟೆಗಳನ್ನು ಕಪಾಟಿಗೆ ಜೋಡಿಸಿಟ್ಟು ಹೊರಡುವಾಗ ಅವಳು ಹೇಳಿದಳು:

"ನನಗೆ ನಿನ್ನ ಮೇಲಿನ ಸಿಟ್ಟು ಹೋಗಿಲ್ಲ ಮಮ್ಮಿ. ಹೋಗ್ತದೆ ಅಂತಲೂ ಕಾಣುವುದಿಲ್ಲ. ನೀನು ನನ್ನ ಕೈಗೆ ಸಿಕ್ಕಿದ್ರೆ ನಾನು ಮತ್ತೆ ಅದನ್ನೇ ಮಾಡ್ತೇನೆ. ಅದಕ್ಕೆ ಇಲ್ಲಿಗೆ ಬಿಟ್ಟದ್ದು."

ಮಾರ್ಸೆಲಿನ್ ಹಾಸಿಗೆಯ ಅಂಚನ್ನು ಎಡಗೈಯಿಂದ ಸವರುತ್ತಿದ್ದರು. "ನೀನು ಕಲಿತೆಯಲ್ಲ. ನೌಕರಿ ಸಿಕ್ಕಿತಲ್ಲ" ಎಂದರು. ಆಮೇಲೆ, "ರೂಬನನಿಗೆ ಮಕ್ಕಳು ಉಂಟಾ?" ಎಂದು ಕೇಳಿದರು.

"ಇಬ್ಬರು. ದೊಡ್ಡವಳು ಒಂದನೇ ಕ್ಲಾಸು."

ಶರೊನ್ ಬಾಗಿಲು ಎಳೆದುಕೊಂಡು ಹೊರಟಳು.

ಶೆರಿಲ್ ಹದಿನೇಳು ದಿನ ತಾಯಿಯೊಂದಿಗೆ ಸರಿಯಾಗಿ ಮಾತಾಡಲಿಲ್ಲ. ಶಾಲೆಯಿಂದ ಬಂದವಳು ಮೇಜಿಗೂ ಬರಲಿಲ್ಲ, ನೆಲದ ಮೇಲೂ ಮಲಗಲಿಲ್ಲ. ಕೋಣೆಯ ಗೋಡೆಗೆ ಮುಖ ಮಾಡಿ, ಪುಸ್ತಕವನ್ನು ತೋಳಿನಿಂದ ಮರೆಮಾಡಿ ಬರೆಯುತ್ತಿದ್ದಳು. ಹೋಂವರ್ಕ್ ಮುಗಿಯಿತೋ ಇಲ್ಲವೋ ಎಂಬ ಪ್ರಶ್ನೆ ಶರೊನಳ ನಾಲಿಗೆಯ ತುದಿಯವರೆಗೆ ಬರುತ್ತಿತ್ತು. ಬಗ್ಗಿ ನೋಡಬೇಕೆನಿಸುತ್ತಿತ್ತು. ಬೆಳಗಿನ ಡ್ಯೂಟಿಗೆ ಬದಲಾಯಿಸಿಕೊಂಡಿದ್ದ ಅವಳು ಬಾಗಿಲ ಹೊರಗೆ ನೆಲದ ಮೇಲೆ ಕೂತು ಬಸಳೆ ಸೋಸುತ್ತಿದ್ದಳು. ಚಹಾ ಮತ್ತು ಬನ್ನನ್ನು ನಾಲ್ಕು ಗಂಟೆಗೇ, ಪುಸ್ತಕ ತೆರೆಯುವ ಮೊದಲೇ, ಒಳಗಿಟ್ಟು ಬರುತ್ತಿದ್ದಳು.

ಹದಿನೆಂಟನೆಯ ದಿನ ಒಳಗಿನಿಂದ ದನಿ ಬಂತು.

"ಸ್ವಾತಂತ್ರ್ಯಕ್ಕೆ ಕೆಳಗೆ ಎಷ್ಟು ಒತ್ತು?"

"ಕೊನೆಯದ್ದಕ್ಕೆ ಎರಡು. ತಕಾರಕ್ಕೆ ರವೊತ್ತು, ಯವೊತ್ತು" ಎಂದಳು ಶರೊನ್. "ತಪ್ಪಿದ್ರೂ ತೊಂದರೆ ಇಲ್ಲ."

ಒಳಗೆ ರಬ್ಬರಿನಿಂದ ಉಜ್ಜುವ ಸದ್ದಾಯಿತು. ಆಮೇಲೆ ಪೆನ್ಸಿಲಿನ ಸದ್ದು. ಶರೊನ್ ಎದ್ದು ನೋಡಲಿಲ್ಲ.